ಓಲ್ಡ್ ಮ್ಯಾನ್ಸ್ ಮನೆಯ ಕಿಟಕಿ ಗಾಜು

ನೋಡಿ, ಈ ಬೂದು ಬಣ್ಣದ ಹಲಗೆ ಮನೆಯೇ ಓಲ್ಡ್ ಮ್ಯಾನ್ಸ್. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಲ್ಲಿದೆ. 1770ರಲ್ಲಿ ಇಲ್ಲಿನ ಪಾದ್ರಿ ವಿಲಿಯಂ ಎಮರ್ಸನ್ ಅವರಿಗಾಗಿ ಕಟ್ಟಿದ್ದು. ಲೇಖಕ ರಾಲ್ಫ್ ವಾಲ್ಡೊ ಎಮರ್ಸನ್ ಇದ್ದಾರಲ್ವಾ, ಅವರ ಅಜ್ಜ.

ಮನೆ ಪಕ್ಕದ ಬಯಲು ದಾಟಿದರೆ ನದಿ, ಅದರ ಮೇಲೆ ಮರದ ಸೇತುವೆ, ನಾರ್ತ್ ಬ್ರಿಜ್. ಸೇತುವೆ ಆಮೇಲೆ ಮತ್ತೆ ಕಟ್ಟಿದ್ದು, ಜಾಗ ಮಾತ್ರ ಅದೇ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ದಿನ, 1775ರ ಏಪ್ರಿಲ್ 19ರ ಬೆಳಿಗ್ಗೆ, ಬ್ರಿಟಿಷ್ ಸೈನಿಕರೂ ಸುತ್ತಲಿನ ಊರುಗಳ ರೈತರೂ ಇಲ್ಲೇ ಎದುರುಬದುರಾದರು. ಗುಂಡು ಹಾರಿದ್ದು ಕೆಲವೇ ನಿಮಿಷ. ಪಾದ್ರಿಯವರ ಮನೆಯವರು ಅದನ್ನು ಈ ಕಿಟಕಿಗಳಿಂದಲೇ ನೋಡಿದರಂತೆ! ಮಗಳು ಮೇರಿಗೆ ಆಗ ಎಂಟು ತಿಂಗಳು. ದೊಡ್ಡವರಾದ ಮೇಲೆ ಅವರು, ಕಾಂಕರ್ಡ್ ಕಾಳಗದಲ್ಲಿ ತಾನೂ ಕೈಗೂಸಾಗಿ ಇದ್ದೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕಾಳಗದ ಮರುವರ್ಷ ಅಪ್ಪ ಸೈನ್ಯದ ಜೊತೆ ಪಾದ್ರಿಯಾಗಿ ಹೋದರು, ಜ್ವರ ಬಂದು ತೀರಿಕೊಂಡರು. ಮನೆಗೆ ವಾಪಸ್ ಬರಲೇ ಇಲ್ಲ.

ಈಗ ಮಹಡಿ ಹತ್ತೋಣ.

ಈ ಚಿಕ್ಕ ಕೋಣೆಯಲ್ಲಿ ಮೊಮ್ಮಗ ಎಮರ್ಸನ್ ತಮ್ಮ 'ನೇಚರ್' ಪುಸ್ತಕ ಬರೆಯುತ್ತಿದ್ದರು, ಅದು ಅಚ್ಚಾಗಿದ್ದು 1836ರಲ್ಲಿ. ಆಮೇಲೆ ಇದೇ ಕೋಣೆ ಕಥೆಗಾರ ನಥಾನಿಯಲ್ ಹಾಥಾರ್ನ್ ಅವರದಾಯಿತು. 1842ರ ಜುಲೈ 9ರಂದು ಬಾಸ್ಟನ್‌ನಲ್ಲಿ ಸೋಫಿಯಾ ಅವರನ್ನು ಮದುವೆಯಾಗಿ, ಅದೇ ದಿನ ಇಬ್ಬರೂ ಈ ಬಾಡಿಗೆ ಮನೆಗೆ ಬಂದರು. ಬರುವಷ್ಟರಲ್ಲಿ ಇದೇ ಊರಿನ ಲೇಖಕ ಹೆನ್ರಿ ಥೋರೋ ಇವರಿಗೋಸ್ಕರ ಅಂಗಳದಲ್ಲಿ ತರಕಾರಿ ತೋಟ ಹಾಕಿ ಇಟ್ಟಿದ್ದರು. ಎಂಥ ಉಡುಗೊರೆ ಅಲ್ವಾ! ಹಾಥಾರ್ನ್ ಅವರ ಬರೆಯುವ ಹಲಗೆ ನೋಡಿ, ಗೋಡೆಗೇ ಇದೆ. ಇಷ್ಟು ಚೆಂದದ ನದಿ ಹೊರಗಿದ್ದರೂ ಅವರು ಗೋಡೆ ಕಡೆ ಮುಖ ಮಾಡಿ ಬರೆಯುತ್ತಿದ್ದರು.

ನಾನು ಬಂದಿದ್ದು ಮಾತ್ರ ಈ ಗಾಜಿಗಾಗಿ.

ಸೋಫಿಯಾ ತಮ್ಮ ವಜ್ರದುಂಗುರದಿಂದ ಕಿಟಕಿ ಗಾಜಿನ ಮೇಲೆ ಕೊರೆದು ಬರೆದಿದ್ದಾರೆ. ಮನುಷ್ಯನಿಗೆ ಆಕಸ್ಮಿಕ ಅನ್ನಿಸಿದ್ದು ದೇವರ ಉದ್ದೇಶ ಅಂತ ಒಂದು ಸಾಲು. 1843ರದು. ಸೋಫಿಯಾ ಅವರ ಮೊದಲ ಬಸಿರು ನಿಲ್ಲದೆ ಹೋದ ವರ್ಷ ಅದು. ಹಾಗಾಗಿ ಈ ಸಾಲನ್ನು ಸುಮ್ನೆ ಓದಿ ಮುಂದೆ ಹೋಗಲು ನನಗೆ ಆಗಲಿಲ್ಲ. ಕೆಳಗೆ ಗಂಡನ ಕೈಬರಹವೂ ಇದೆ, ಇದನ್ನು ಬರೆದದ್ದು ಹೆಂಡತಿಯ ವಜ್ರದಿಂದ ಅಂತ. ಅದರಡಿ ಮತ್ತೆ ಸೋಫಿಯಾ ಅವರ ಸಾಲು, ಏಪ್ರಿಲ್ 3ರ ಸಂಜೆ, ಹೊನ್ನ ಬೆಳಕಿನಲ್ಲಿ ಅಂತ.

ಸೇತುವೆ ಹತ್ತಿರ ಸ್ಮಾರಕಗಳಿವೆ, ಅಲ್ಲಿ ಜನ ಜಾಸ್ತಿ. ಆದರೆ ಯುದ್ಧ ನೋಡಿದ ಮನೆಯಲ್ಲಿ ಗಂಡ ಹೆಂಡತಿ ನಿಂತು ಒಬ್ಬರಾದ ಮೇಲೆ ಒಬ್ಬರು ಗಾಜಿನ ಮೇಲೆ ಗೀಚಿದ್ದು ನನ್ನ ಮನಸ್ಸಿಗೆ ತುಂಬಾ ಹತ್ತಿರವಾಯಿತು.

ಇನ್ನೊಂದು ಗಾಜಿನಲ್ಲಿ ಮಗಳು ಊನಾ ಇದ್ದಾಳೆ. ಇದೇ ಮನೆಯಲ್ಲಿ ಹುಟ್ಟಿದವಳು. 1845ರ ಜನವರಿ 22ರಂದು, ಹತ್ತು ತಿಂಗಳ ಕೂಸು ಈ ಕಿಟಕಿ ಕಟ್ಟೆಯ ಮೇಲೆ ನಿಂತಿತ್ತು, ಹೊರಗೆ ಮರಗಳೆಲ್ಲ ಗಾಜಿನ ದೀಪಗುಚ್ಛಗಳಂತೆ ಹೊಳೆಯುತ್ತಿದ್ದವು, ಅವಳಿಗೆ ಅದು ತುಂಬಾ ಇಷ್ಟವಾಯಿತು ಅಂತ ಅಮ್ಮ ಬರೆದಿಟ್ಟಿದ್ದಾರೆ.

ಅಕ್ಷರ ನೇರವಾಗಿ ನೋಡಿದರೆ ಕಾಣುವುದಿಲ್ಲ, ಸ್ವಲ್ಪ ಓರೆಯಾಗಿ ನಿಲ್ಲಬೇಕು. ಹಾಂ, ಈಗ ಕಂಡಿತು ನೋಡಿ.