ಅರಮನೆ ಬಿಟ್ಟು, ಮಾನಂದವಾಡಿ ರಸ್ತೆಗೆ

ನಮಸ್ಕಾರ. ಹಳಿ ಮೇಲೆ ನಿಂತಿರೋ ಈ ಪುಟ್ಟ ಗಾಡಿ ನೋಡಿ. ಮೂತಿ ಕಾರಿನದ್ದು, ಗಾಲಿ ರೈಲಿನದ್ದು. ಹಳೇ ಆಸ್ಟಿನ್ ಕಾರಿನ ಟೈರು ಬಿಚ್ಚಿ, ಕಬ್ಬಿಣದ ಗಾಲಿ ಹಾಕಿ ಹಳಿಗೆ ಇಳಿಸಿದ್ದಾರೆ. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಬಂದ ಮಕ್ಕಳೆಲ್ಲ ಮೊದಲು ಓಡೋದು ಇದರ ಹತ್ತಿರಕ್ಕೇ.

ಈ ಮ್ಯೂಸಿಯಂ ಶುರುವಾಗಿದ್ದು 1979ರಲ್ಲಿ, ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆಯ ಹತ್ತಿರ. ಒಳಗೆ ಉಗಿ ಎಂಜಿನ್‌ಗಳು, ಸಿಗ್ನಲ್ ಕಂಬಗಳು ಎಲ್ಲ ಇವೆ. ಜನ ಹೆಚ್ಚು ಹೊತ್ತು ನಿಲ್ಲೋದು 1899ರ ಮಹಾರಾಣಿ ಸಲೂನ್, ಅಂದ್ರೆ ರಾಣಿಯ ಪ್ರಯಾಣದ ರೈಲು ಬೋಗಿ, ಅದರ ಮುಂದೆ. ಅಡುಗೆ ಕೋಣೆ, ಊಟದ ಕೋಣೆ, ಬಚ್ಚಲು, ಎಲ್ಲಾ ಗಾಡಿಯೊಳಗೇ. ನನ್ನನ್ನ ಹಿಡಿದು ನಿಲ್ಲಿಸಿದ್ದು ಅದರ ಮರಗೆಲಸ. ಓಡೋ ಗಾಡಿಯಲ್ಲಿ, ಅಲುಗಾಟ ತಡ್ಕೊಂಡು, ನೂರು ವರ್ಷ ದಾಟಿದ ಮೇಲೂ ಕೂಡುಗಳು ಬಿಟ್ಟಿಲ್ಲ. ಮಾಡಿದ ಬಡಗಿ ಯಾರು ಅಂತ ಬೋರ್ಡಿನಲ್ಲಿ ಬರೆದಿಲ್ಲ.

ಇಲ್ಲಿಂದ ಹೊರಟವರು ಸಾಮಾನ್ಯವಾಗಿ ಅರಮನೆಗೆ ಹೋಗ್ತಾರೆ, ಇಲ್ಲಾ ಮೃಗಾಲಯಕ್ಕೆ. ನಾವು ಮಾನಂದವಾಡಿ ರಸ್ತೆ ಕಡೆ ಹೋಗೋಣ. ಯಾಕೆ ಅಂತ ಹೇಳ್ತೀನಿ. ಈಗ ನಾವು ನೋಡೋ ಅರಮನೆಯ ಕಟ್ಟಡ ಮುಗಿದಿದ್ದು 1912ರಲ್ಲಿ. ಅದೇ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೊಂದು ಕಟ್ಟಡಕ್ಕೂ ಜೀವ ಕೊಟ್ಟರು: ಈ ರಸ್ತೆಯಲ್ಲಿರೋ ರೇಷ್ಮೆ ನೇಯ್ಗೆ ಕಾರ್ಖಾನೆ. ಅರಮನೆಯಲ್ಲಿ ಈಗ ದರ್ಬಾರಿಲ್ಲ. ಕಾರ್ಖಾನೆಯಲ್ಲಿ ಮಗ್ಗ ಇವತ್ತಿಗೂ ಓಡ್ತಾ ಇದೆ. ಮೈಸೂರಿನ ಪರಂಪರೆ ಅಂದಾಗ ನಾನು ಮೊದಲು ಕೈ ತೋರಿಸೋದು ಈ ಗೇಟಿನ ಕಡೆಗೆ.

ಒಳಗೆ ಕ್ಯಾಮೆರಾ ಬಿಡಲ್ಲ. ಹಾಗಾಗಿ ಸ್ವಲ್ಪ ಹೊತ್ತು ಹೊರಗಿನ ರಸ್ತೆ ನೋಡ್ತಾ ನನ್ನ ಮಾತು ಕೇಳಿ.

ಮೊದಲು ಬಡಿಯೋದು ಸದ್ದು. ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ ಶುರುವಾದ ಜಾಗ ಇದು. ಈಗ ಸಾಲುಸಾಲು ಮಗ್ಗಗಳು. ಪಕ್ಕದಲ್ಲಿದ್ದವರಿಗೆ ಏನಾದ್ರೂ ಹೇಳಬೇಕಂದ್ರೆ ಕಿವಿಗೆ ಬಾಯಿ ಇಡಬೇಕು. ಮೈಸೂರು ರೇಷ್ಮೆಯ ಆ ಮೆದು ಇಳಿತ ಎಲ್ಲಿಂದ ಬರುತ್ತೆ ಅಂತ ಇಲ್ಲಿ ನೋಡಿದ್ರೆ ಗೊತ್ತಾಗುತ್ತೆ. ಹೊಕ್ಕಿನ, ಅಂದ್ರೆ ಅಡ್ಡಕ್ಕೆ ಹೋಗೋ ನೂಲಿಗೆ ಬಿಗಿಯಾಗಿ ಹುರಿ ಕೊಡ್ತಾರೆ, ಒಂದು ಬಲಕ್ಕೆ, ಒಂದು ಎಡಕ್ಕೆ. ಆ ಎರಡನ್ನೂ ಸೇರಿಸಿ ನೇಯ್ದಾಗ ಬಟ್ಟೆಗೆ ಕ್ರೇಪಿನ ಗುಣ, ಅಂದ್ರೆ ಸಣ್ಣ ಸುಕ್ಕಿನ ಮೈ ಬರುತ್ತೆ. ಮಗ್ಗದಿಂದ ಇಳಿಯುವಾಗ ಸೀರೆಗೆ ಬಣ್ಣವೇ ಇರಲ್ಲ. ಮಾಸಲು ಬಿಳಿ, ಮುಟ್ಟಿದ್ರೆ ಗಡುಸು. ಅಂಚಿನ ಜರಿ ಮಾತ್ರ ಹೊಳೀತಾ ಇರುತ್ತೆ. ಆಮೇಲೆ ಕುದಿಸಿ ರೇಷ್ಮೆಯ ಅಂಟು ತೆಗೀತಾರೆ, ಆಗಲೇ ಅದು ಮೆತ್ತಗಾಗೋದು. ಬಣ್ಣ ಹಾಕೋದು ಅದರ ನಂತರ. ನಮ್ಮ ಮನೆಯ ಬೀರುವಿನಲ್ಲಿರೋ ಸೀರೆ ಇಷ್ಟು ಕೈ ದಾಟಿ ಬಂದಿದೆ ಅಂತ ನೋಡಿದ ಮೇಲೆ ಅದನ್ನ ಮಡಿಸೋ ರೀತಿಯೇ ಬದಲಾಗುತ್ತೆ. 2005ರಿಂದ ಮೈಸೂರು ರೇಷ್ಮೆಗೆ ಜಿಐ, ಅಂದ್ರೆ ಈ ಊರಿನದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಇದೇ ಕಡೆ ಇನ್ನೂ ಸ್ವಲ್ಪ ಮುಂದಕ್ಕೆ ಹೋದರೆ ಗಂಧದೆಣ್ಣೆ ಕಾರ್ಖಾನೆ. ಅದು ಹುಟ್ಟಿದ್ದು ಒಂದು ಬಿಕ್ಕಟ್ಟಿನಿಂದ. ಆಗೆಲ್ಲ ನಮ್ಮ ಶ್ರೀಗಂಧದ ಕೊರಡು ಯುರೋಪಿಗೆ ಹೋಗ್ತಿತ್ತು, ಎಣ್ಣೆ ತೆಗೀತಿದ್ದವರಲ್ಲಿ ಜರ್ಮನರು ಮುಖ್ಯರು. 1914ರಲ್ಲಿ ಮಹಾಯುದ್ಧ ಶುರುವಾಯ್ತು, ಸಾಗಣೆ ನಿಂತು ಮರ ಇಲ್ಲೇ ರಾಶಿ ಬಿತ್ತು. ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚಾಟರ್ಟನ್, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಸೇರಿ ಎಣ್ಣೆಯನ್ನ ಇಲ್ಲೇ ತೆಗೆಯೋ ದಾರಿ ಕಂಡುಕೊಂಡರು. 1916-17ರ ಹೊತ್ತಿಗೆ ಬೆಂಗಳೂರು, ಮೈಸೂರು ಎರಡೂ ಕಡೆ ಎಣ್ಣೆ ಇಳಿಯೋಕೆ ಶುರುವಾಗಿತ್ತು. ಮೈಸೂರ್ ಸ್ಯಾಂಡಲ್ ಸೋಪು ಆ ಎಣ್ಣೆಯ ಮಗು.

ಕೆಲಸದ ಕ್ರಮ ಹೀಗೆ. ಶ್ರೀಗಂಧದ ಮರ ಕಡಿಯಲ್ಲ, ಬೇರು ಸಮೇತ ಕೀಳ್ತಾರೆ, ಯಾಕಂದ್ರೆ ಬೇರಿನಲ್ಲೂ ಎಣ್ಣೆ ತುಂಬಾ ಇರುತ್ತೆ. ಹೊರಗಿನ ಬಿಳಿ ಮರ ಕೆತ್ತಿ ತೆಗೆದು, ಒಳಗಿನ ಗಟ್ಟಿ ತಿರುಳಾದ ಚೇಗನ್ನ ಚಕ್ಕೆ ಮಾಡಿ, ಪುಡಿ ಮಾಡಿ, ಉಗಿ ಹಾಯಿಸ್ತಾರೆ. ಎಣ್ಣೆ ಉಗಿಯ ಜೊತೆ ಮೇಲೆದ್ದು, ತಣ್ಣಗಾದಾಗ ನೀರಿನಿಂದ ಬೇರೆಯಾಗುತ್ತೆ. ಮಿಕ್ಕ ಪುಡಿಯೂ ಹಾಳಾಗಲ್ಲ, ಅಗರಬತ್ತಿಗೆ ಹೋಗುತ್ತೆ.

ಅಶೋಕಪುರಂನಲ್ಲಿ 1924ರ ರೈಲ್ವೆ ವರ್ಕ್‌ಶಾಪ್ ಇದೆ, ಇವತ್ತಿಗೂ ಬೋಗಿಗಳು ರಿಪೇರಿಗೆ ಬರ್ತವೆ. ಹೊರಗಿನಿಂದ ನೋಡ್ಕೊಂಡು ಮುಂದೆ ಹೋಗೋಣ.

ಬನ್ನಿಮಂಟಪಕ್ಕೆ ಬಂದ್ವಿ. ದಸರೆಯ ಜಂಬೂಸವಾರಿ ಮುಗಿಯೋದು ಇಲ್ಲೇ. ಇದೇ ಬಡಾವಣೆಯಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಇದೆ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಹುಟ್ಟಿದ್ದು. ಮತ ಹಾಕಿದಾಗ ನಮ್ಮ ಎಡಗೈ ತೋರುಬೆರಳಿಗೆ ಬೀಳೋ ಗೆರೆ ಇದೆಯಲ್ಲ, ಆ ಶಾಯಿ ತಯಾರಾಗೋದು ಇಲ್ಲಿ. 1962ರ ಲೋಕಸಭಾ ಚುನಾವಣೆಯಿಂದಲೂ ಇಲ್ಲೇ. ಅದರಲ್ಲಿ ಬೆಳ್ಳಿಯ ನೈಟ್ರೇಟ್ ಇರುತ್ತೆ. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಾಗ ಕಪ್ಪಾಗಿ ಕೂತುಬಿಡುತ್ತೆ, ಸೋಪಿಗೆ ಜಗ್ಗಲ್ಲ. ಕಾಶ್ಮೀರದಲ್ಲಿ ಮತ ಹಾಕಿದವರ ಬೆರಳಲ್ಲೂ ಮೈಸೂರಿನ ಗುರುತು. ಇದನ್ನ ಹೇಳುವಾಗ ನನಗೆ ನಿಜವಾಗ್ಲೂ ಹೆಮ್ಮೆ ಆಗುತ್ತೆ.

ಕೊನೆಗೆ ಯಾದವಗಿರಿ. ಐಡಿಯಲ್ ಜಾವಾ ಇದ್ದ ಜಾಗ. ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನ 1960ರ ದಶಕದ ಆರಂಭದಿಂದ ಇಲ್ಲಿ ಮಾಡ್ತಿದ್ರು, ಮುಂದೆ ಅದೇ ಯೆಜ್ಡಿ ಆಯ್ತು. 1996ರಲ್ಲಿ ಬಾಗಿಲು ಮುಚ್ಚಿತು. ರೇಷ್ಮೆಗೆ ಕಾರ್ಖಾನೆ ಉಳೀತು, ರೈಲಿಗೆ ಮ್ಯೂಸಿಯಂ ಬಂತು, ಜಾವಾಗೆ ಎರಡೂ ಇಲ್ಲ. ಉಳಿದಿರೋದು ಬೈಕುಗಳು, ಅವನ್ನ ಓಡಿಸ್ತಾ ಇಟ್ಟುಕೊಂಡಿರೋ ಮೆಕ್ಯಾನಿಕ್‌ಗಳು.

ಜಾವಾ ಬೈಕಿನ ಈ ಲಿವರ್ ಹತ್ತಿರದಿಂದ ನೋಡಿ. ಇದು ಗೇರ್ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಇದೇ ಕಿಕ್ಕರ್. ಒದ್ದು ಸ್ಟಾರ್ಟ್ ಮಾಡಿ, ಮತ್ತೆ ಕೆಳಗೆ ತಂದ್ರೆ ಮತ್ತೆ ಗೇರ್. ಒಂದೇ ಕಬ್ಬಿಣದ ತುಂಡು, ಎರಡು ಕೆಲಸ. ಎರಡು ಸೈಲೆನ್ಸರಿನಿಂದ ಬರೋ ಆ ಸದ್ದನ್ನ ಮೈಸೂರಿನ ಒಂದು ತಲೆಮಾರು ಕಣ್ಣು ಮುಚ್ಕೊಂಡು ಗುರುತಿಸುತ್ತೆ.

ಜಾವಾಗೆ ಇದೇ ಊರಿನಲ್ಲಿ ಒಂದು ಮ್ಯೂಸಿಯಂ ಆಗಬೇಕು ಅಂತ ನಾನು ಕೇಳ್ತಾನೇ ಇರ್ತೀನಿ. ಅಲ್ಲೀವರೆಗೆ ನಮ್ಮ ಕೈಲಾಗೋದು ಒಂದಿದೆ. ನಿಮ್ಮ ತಂದೆ, ದೊಡ್ಡಪ್ಪ, ಪಕ್ಕದ ಮನೆಯ ಅಜ್ಜ ಯಾರಾದ್ರೂ ಯಾದವಗಿರಿಯ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ರೆ, ಯಾವ ವಿಭಾಗ, ಯಾವ ಯಂತ್ರ, ಶಿಫ್ಟ್ ಹೇಗಿತ್ತು ಅಂತ ಕೇಳಿ ಫೋನಿನಲ್ಲೇ ರೆಕಾರ್ಡ್ ಮಾಡಿ. ಅವರು ಒಪ್ಪಿದ್ರೆ ನನಗೂ ಕಳಿಸಿ. ಮುಂದಿನ ವಿಡಿಯೋ ಅವರ ದನಿಯಲ್ಲೇ ಮಾಡೋಣ.