ಚಾರ್ಜರ್ ಚೆನ್ನಾಗಿದೆ, ಆದರೂ ಕಾರಿನಲ್ಲಿ ಫೋನ್ ಚಾರ್ಜ್ ಆಗುತ್ತಿಲ್ಲ, ಯಾಕೆ?

[ನಿಂತ ಕಾರಿನ ಒಳಗೆ. ಹೊರಗೆ ಮಳೆ.]

ನಮಸ್ಕಾರ. ನಾಪೋಕ್ಲು ಕಡೆಯ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಮನೆಯಲ್ಲಿ ಕರೆಂಟ್ ಇಲ್ಲ, ಇನ್ವರ್ಟರೂ ಮುಗಿದಿದೆ, ಕಾರಿನಲ್ಲಾದರೂ ಫೋನ್ ಚಾರ್ಜ್ ಮಾಡೋಣ ಅಂದರೆ ಆಗುತ್ತಿಲ್ಲ. ಅದೇ ಚಾರ್ಜರ್ ತಮ್ಮನ ಕಾರಿಗೆ ಹಾಕಿದರೆ ಸರಿಯಾಗಿ ಕೆಲಸ ಮಾಡುತ್ತದೆ. ಹಾಗಾದರೆ ಕೆಟ್ಟಿರುವುದು ಏನು?

ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ನಮ್ಮ ಕೊಡಗಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಲೈನ್ ಮೇಲೆ ಮರ ಬಿತ್ತು ಅಂದರೆ ಒಳಗಿನ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಬರುವುದಿಲ್ಲ, ಭಾಗಮಂಡಲ ರಸ್ತೆಗೆ ನೀರು ಬಂತಾ, ಘಾಟಿ ತೆರೆದಿದೆಯಾ ಅಂತ ತಿಳಿಯಲು ಕೈಯಲ್ಲಿರುವುದು ಆ ಫೋನ್ ಒಂದೇ.

ಸುಲಭದ್ದನ್ನು ಬೇಗ ಮುಗಿಸುತ್ತೇನೆ. ಎಷ್ಟೋ ಕಾರುಗಳಲ್ಲಿ ಕೀ ತಿರುಗಿಸದೆ ಚಾರ್ಜರ್ ಹಾಕುವ ಸಾಕೆಟ್‌ಗೆ ಕರೆಂಟ್ ಬರುವುದಿಲ್ಲ. ಬೇರೆ ಕೇಬಲ್ ಹಾಕಿ ನೋಡಿ, ಬೇರೆ ಫೋನ್ ಹಾಕಿ ನೋಡಿ. ಚಾರ್ಜರ್ ಮೇಲೆ ಪುಟ್ಟ ಲೈಟ್ ಇದ್ದರೆ ಅದನ್ನು ಗಮನಿಸಿ. ಚಾರ್ಜರ್ ಬೇರೆ ಕಾರಿನಲ್ಲಿ ಸರಿಯಿದ್ದು ಇಲ್ಲಿ ಲೈಟ್ ಬಾರದಿದ್ದರೆ ತೊಂದರೆ ಸಾಕೆಟ್ ಕಡೆ. ಲೈಟ್ ಬಂದೂ ಚಾರ್ಜ್ ಆಗದಿದ್ದರೆ ಕೇಬಲ್ ಅಥವಾ ಫೋನ್ ಕಡೆ ಹುಡುಕಬೇಕು.

[ಸಾಕೆಟ್‌ನ ಕ್ಲೋಸಪ್]

ಈಗ ಸಾಕೆಟ್‌ನ ಈ ಗುಂಡಿ, ಅಂದರೆ ಈ ತೂತು ನೋಡಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಯಾಕೆಂದರೆ ಉತ್ತರ ಇರುವುದು ಇಲ್ಲೇ. ಇದನ್ನು ಮೊದಲು ಮಾಡಿದ್ದು ಸಿಗರೇಟ್ ಹಚ್ಚುವುದಕ್ಕೆ. 1920ರ ದಶಕದಿಂದಲೇ ಕಾರುಗಳಲ್ಲಿ ಕರೆಂಟಿನ ಲೈಟರ್ ಬರುತ್ತಿತ್ತು. ನಂತರ ಬಂದ ಲೈಟರ್‌ನಲ್ಲಿ ಹಿಡಿಯನ್ನು ಒಳಗೆ ಒತ್ತಿದರೆ ತಳದಲ್ಲಿರುವ ಎರಡು ಲೋಹದ ಪಟ್ಟಿಗಳು ಅದನ್ನು ಹಿಡಿದುಕೊಳ್ಳುತ್ತವೆ, ಸುರುಳಿ ಕೆಂಪಗೆ ಕಾಯುತ್ತದೆ, ಆ ಬಿಸಿಗೆ ಪಟ್ಟಿಗಳು ಬಾಗಿ ಹಿಡಿತ ಬಿಡುತ್ತವೆ, ಒಳಗಿನ ಸ್ಪ್ರಿಂಗ್ ಅದನ್ನು ಟಪ್ ಅಂತ ಹೊರಗೆ ತಳ್ಳುತ್ತದೆ. ಅಂದರೆ ಬಿಸಿ ಮಾಡಿ ಹೊರಗೆ ಕಳಿಸುವುದೇ ಈ ಗುಂಡಿಯ ಮೂಲ ಕೆಲಸ. ಗಂಟೆಗಟ್ಟಲೆ ಏನನ್ನೋ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅಂತ ಆಗ ಯಾರೂ ಯೋಚಿಸಿರಲಿಲ್ಲ.

ಈಗ ಚಾರ್ಜರ್ ನೋಡಿ. ತುದಿಯ ಪಿನ್ ಪ್ಲಸ್, ಪಕ್ಕದ ಎರಡು ಕಿವಿಗಳು ಮೈನಸ್. ತುದಿಯ ಪಿನ್ ಹಿಂದೆ ಸ್ಪ್ರಿಂಗ್ ಇದೆ, ಅದು ಗುಂಡಿಯ ತಳಕ್ಕೆ ಒತ್ತಿಕೊಂಡೇ ಇರುತ್ತದೆ. ತಳಕ್ಕೆ ಒತ್ತಿದರೆ ಚಾರ್ಜರ್ ಎತ್ತ ಹೋಗಬೇಕು? ಹೊರಗೆ! ನೀವು ಹಾಕಿದ ಕ್ಷಣದಿಂದ ಅದು ತನ್ನನ್ನು ತಾನೇ ಹೊರಗೆ ತಳ್ಳಿಕೊಳ್ಳುತ್ತಿರುತ್ತದೆ, ಪಕ್ಕದ ಕಿವಿಗಳ ಬಿಗಿ ಮಾತ್ರ ಅದನ್ನು ತಡೆಯುತ್ತದೆ. ಇದು ನನಗೆ ನಿಜಕ್ಕೂ ಬೆರಗು ಹುಟ್ಟಿಸಿದ ವಿಷಯ. ಇದರ ಜೊತೆ ತೋಟದ ಕಲ್ಲುರಸ್ತೆಯ ಕುಲುಕಾಟ ಸೇರಿದರೆ ಚಾರ್ಜರ್ ಕೂದಲೆಳೆಯಷ್ಟು ಜಾರಿದರೂ ಸಾಕು, ಫೋನ್ ಟಿಂಗ್ ಅನ್ನುತ್ತದೆ, ಮತ್ತೆ ಟಿಂಗ್ ಅನ್ನುತ್ತದೆ. ಫಾಸ್ಟ್ ಚಾರ್ಜರ್ ಆದರೆ ಇನ್ನೂ ಕಷ್ಟ. ಅದು 5 ವೋಲ್ಟ್‌ನಿಂದ ಶುರುಮಾಡಿ, ಫೋನ್ ಜೊತೆ ಮಾತಾಡಿಕೊಂಡು ಆಮೇಲೆ 9 ವೋಲ್ಟ್‌ಗೋ ಇನ್ನೊಂದಕ್ಕೋ ಏರುತ್ತದೆ. ಪ್ರತಿ ಸಲ ಸಂಪರ್ಕ ತಪ್ಪಿದಾಗಲೂ ಆ ಮಾತುಕತೆ ಮೊದಲಿನಿಂದ.

ತಮ್ಮನ ಕಾರಿನಲ್ಲಿ ಯಾಕೆ ಆಗುತ್ತದೆ? ಗುಂಡಿಯ ಅಗಲ, ಆಳ ಕಾರಿನಿಂದ ಕಾರಿಗೆ ಕೂದಲೆಳೆಯಷ್ಟು ಬೇರೆ ಇರುತ್ತದೆ. ಒಂದರಲ್ಲಿ ಬಿಗಿ, ಒಂದರಲ್ಲಿ ಸಡಿಲ. ಚಾರ್ಜರ್ ಅನ್ನು ಒತ್ತಿ, ಸ್ವಲ್ಪ ತಿರುಗಿಸಿ ಹಿಡಿಯಿರಿ. ಲೈಟ್ ಬಂತಾ? ಕಾರಣ ಸಿಕ್ಕಿತು. ಚಾರ್ಜರ್ ಹೊರಗೆ ತೆಗೆದು ಕಿವಿಗಳನ್ನು ಮೆಲ್ಲಗೆ ಹೊರಕ್ಕೆ ಎಳೆಯಿರಿ. ನಮ್ಮ ಊರಿನ ತೇವಕ್ಕೆ ಗುಂಡಿಯೊಳಗೆ ಪಾಚಿ ಬಣ್ಣದ ಕಿಲುಬು ಕಟ್ಟುತ್ತದೆ, ಅದನ್ನು ಒಣ ಬಟ್ಟೆ ಸುತ್ತಿದ ಮರದ ಕಡ್ಡಿಯಿಂದ ಉಜ್ಜಿ. ಅದಕ್ಕೂ ಮೊದಲು ಫ್ಯೂಸ್ ತೆಗೆದಿಡಿ. ತಳ ಪ್ಲಸ್, ಗೋಡೆ ಮೈನಸ್, ಸ್ಕ್ರೂಡ್ರೈವರ್ ಎರಡಕ್ಕೂ ತಾಗಿದರೆ ಶಾರ್ಟ್. ಒಳಗೆ ಬಿದ್ದ ಒಂದು ನಾಣ್ಯವೂ ಅದನ್ನೇ ಮಾಡುತ್ತದೆ.

ಹಾಗೆ ಸುಟ್ಟಿದ್ದರೆ ಫ್ಯೂಸ್ ಬದಲಿಸಿ. ಕೆಂಪು 10 ಆಂಪ್, ನೀಲಿ 15, ಹಳದಿ 20. ಮೊದಲು ಎಷ್ಟು ಆಂಪ್‌ನದು ಇತ್ತೋ ಅಷ್ಟರದ್ದನ್ನೇ ಹಾಕಿ. ತಂತಿ ಸುತ್ತುವವರಿದ್ದಾರೆ, ದಯವಿಟ್ಟು ಬೇಡ, ಮುಂದಿನ ಸಲ ಸುಡುವುದು ವೈರಿಂಗ್. ಕೆಲವು ಚಾರ್ಜರ್‌ಗಳ ತುದಿಯನ್ನು ತಿರುಗಿಸಿ ಬಿಚ್ಚಿದರೆ ಅಲ್ಲೂ ಒಂದು ಗಾಜಿನ ಫ್ಯೂಸ್ ಇರುತ್ತದೆ.

ಹಳೆ ಜೀಪ್ ಇಟ್ಟುಕೊಂಡವರು ಇದನ್ನು ಕೇಳಿ. ಆ ಸಾಕೆಟ್ ಅನ್ನು ಆಮೇಲೆ ಯಾರೋ ಕೂರಿಸಿದ್ದರೆ ಪ್ಲಸ್ ಮೈನಸ್ ಅದಲುಬದಲಾಗಿರಬಹುದು. ಬಲ್ಬ್ ಹಚ್ಚಿ ನೋಡಿದರೆ ಉರಿಯುತ್ತದೆ, ಚಾರ್ಜರ್ ಮಾತ್ರ ಕೆಲಸ ಮಾಡುವುದಿಲ್ಲ. ವೋಲ್ಟ್ ಅಳೆಯುವ ಮೀಟರಿನ ಕೆಂಪು ಕಡ್ಡಿ ತಳದ ನಡುವಿಗೆ, ಕಪ್ಪು ಗೋಡೆಗೆ ಇಟ್ಟಾಗ ಇಂಜಿನ್ ಓಡುತ್ತಿದ್ದರೆ 14 ವೋಲ್ಟ್ ಆಸುಪಾಸು ಬರಬೇಕು, ಮುಂದೆ ಮೈನಸ್ ಗುರುತು ಇರಬಾರದು.

ವಿಡಿಯೋ ಉದ್ದ ಆಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಚಾರ್ಜಿಂಗ್ ಅಂತ ತೋರಿಸಿಯೂ ಶೇಕಡಾ ಇಳಿಯುತ್ತಿದ್ದರೆ ನೀವು ಸ್ಟೀರಿಯೋದ ಯುಎಸ್‌ಬಿಗೆ ಹಾಕಿರಬಹುದು. ಹಾಡು ಕೇಳಲು ಕೊಟ್ಟ ಅಂಥ ಎಷ್ಟೋ ಪೋರ್ಟ್‌ಗಳು ಅರ್ಧ ಆಂಪ್ ಮಾತ್ರ ಕೊಡುತ್ತವೆ, ಅಂದರೆ 2.5 ವ್ಯಾಟ್. ಮಾಕುಟ್ಟ ಕಾಡಿನಲ್ಲಿ ಮ್ಯಾಪ್ ಹಾಕಿಕೊಂಡು ನೆಟ್‌ವರ್ಕ್ ಹುಡುಕುವ ಫೋನ್ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ಉದ್ದದ ತೆಳು ಕೇಬಲ್ ಅಂದರೆ ಕಾಫಿಗೆ ಹೂಮಳೆ ಕೊಡುವ ಸ್ಪ್ರಿಂಕ್ಲರ್‌ಗೆ ಸಣ್ಣ ಪೈಪ್ ಎಳೆದ ಹಾಗೆ, ಕೊನೆಯ ಜೆಟ್‌ಗೆ ಒತ್ತಡವೇ ಇರುವುದಿಲ್ಲ. ಫೋನಿನ ಪೋರ್ಟ್‌ನಲ್ಲಿ ತೇವ ಇದ್ದರೆ ಕೆಲವು ಫೋನ್‌ಗಳು ತಾವೇ ಚಾರ್ಜ್ ನಿಲ್ಲಿಸುತ್ತವೆ, ಒಣಗಲು ಬಿಡಿ. ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಕಾದರೂ ಹಾಗೇ.

ಇನ್ನೊಂದು ಮಾತು, ಕರೆಂಟ್ ಇಲ್ಲದ ದಿನಗಳಿಗೆ. 5000 ಎಂಎಎಚ್ ಫೋನ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್ ಅವರ್. 40 ಆಂಪ್ ಅವರ್‌ನ 12 ವೋಲ್ಟ್ ಕಾರಿನ ಬ್ಯಾಟರಿಯಲ್ಲಿ 480 ವ್ಯಾಟ್ ಅವರ್ ಇರುತ್ತದೆ. ಬ್ಯಾಟರಿ ಚೆನ್ನಾಗಿದ್ದರೆ ಒಂದು ಫೋನ್‌ಗಾಗಿ ಇಂಜಿನ್ ಓಡಿಸಬೇಕಿಲ್ಲ, ಲೈಟ್, ಫ್ಯಾನ್, ಸ್ಟೀರಿಯೋ ಆಫ್ ಮಾಡಿದರೆ ಸಾಕು. ಓಡಿಸಲೇಬೇಕು ಅಂದರೆ, ಎಷ್ಟೇ ಮಳೆ ಇರಲಿ, ಕಾರನ್ನು ಶೆಡ್‌ನಿಂದ ಹೊರಗೆ ತನ್ನಿ. ಮುಚ್ಚಿದ ಶೆಡ್‌ನಲ್ಲಿ ತುಂಬುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಅದು ಜೀವ ತೆಗೆಯುತ್ತದೆ.