ಬಂದರು ಬದಲಾದಾಗ

ಕೇಳುಗರಿಗೆ ನಮಸ್ಕಾರ.

ಪ್ರವಾಸಿ ಹಡಗಿನ ಟಿಕೆಟ್ ಕೊಳ್ಳುವವರ ಮನಸ್ಸಿನಲ್ಲಿರುವುದು ಊರುಗಳ ಪಟ್ಟಿ. ಆದರೆ ಹಡಗು ಕಂಪನಿಗಳ ಕರಾರುಪತ್ರಗಳನ್ನು ಓದಿದರೆ, ಮುಂಗಡ ಸೂಚನೆಯಿಲ್ಲದೆ ಬಂದರನ್ನು ಬದಲಿಸುವ, ಕೈಬಿಡುವ ಅಥವಾ ದಾರಿಯನ್ನೇ ತಿರುಗಿಸುವ ಹಕ್ಕನ್ನು ಅವು ಸಾಮಾನ್ಯವಾಗಿ ತಮ್ಮಲ್ಲೇ ಉಳಿಸಿಕೊಂಡಿರುವುದು ಕಾಣುತ್ತದೆ.

ವೆನಿಸ್ ನಗರವನ್ನೇ ನೋಡೋಣ. ಹತ್ತು ಹನ್ನೆರಡು ಅಂತಸ್ತಿನ ಹಡಗು ಜುದೆಕ್ಕ ಕಾಲುವೆಯಲ್ಲಿ ನಿಧಾನವಾಗಿ ಸಾಗುವಾಗ, ಮೇಲಂತಸ್ತಿನ ಕಟಕಟೆಗೆ ಒರಗಿ ಸೇಂಟ್ ಮಾರ್ಕ್ ಚೌಕವನ್ನೂ ಸುತ್ತಲಿನ ಹೆಂಚಿನ ಮಾಡುಗಳನ್ನೂ ಬಗ್ಗಿ ನೋಡುವ ಆ ಸ್ವಲ್ಪ ಹೊತ್ತಿಗಾಗಿಯೇ ದುಡ್ಡು ತೆತ್ತವರು ಅನೇಕರು. 2019ರ ಜೂನ್ 2ರಂದು ಎಂಎಸ್‌ಸಿ ಒಪೆರಾ ಹಡಗು ಇದೇ ಕಾಲುವೆಯಲ್ಲಿ ಹಿಡಿತ ತಪ್ಪಿ, ಹಡಗುಕಟ್ಟೆಗೂ ಅಲ್ಲಿ ಕಟ್ಟಿದ್ದ ಪ್ರವಾಸಿ ದೋಣಿಗೂ ಗುದ್ದಿತು. ಕೊನೆಗೆ ಇಟಲಿ ಸರ್ಕಾರ 2021ರ ಆಗಸ್ಟ್ 1ರಿಂದ, 25,000 ಟನ್ನಿಗೆ ಮೀರಿದ ಅಥವಾ 180 ಮೀಟರಿಗಿಂತ ಉದ್ದವಾದ ಹಡಗುಗಳಿಗೆ ಆ ಕಾಲುವೆಯನ್ನು ಮುಚ್ಚಿತು. ಊರಿನ ಅನೇಕ ನಿವಾಸಿಗಳು ವರ್ಷಗಳಿಂದ ಕೇಳುತ್ತಿದ್ದುದು ಇದನ್ನೇ. ಹಲವು ಹಡಗುಗಳು ತ್ರಿಯೆಸ್ತೆ, ಮೊನ್‌ಫಾಲ್ಕೊನೆ, ರವೆನ್ನಾ ಬಂದರುಗಳಿಗೆ ಸರಿದವು. ರವೆನ್ನಾದಿಂದ ವೆನಿಸ್‌ಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮಿಕ್ಕಿದ ದಾರಿ. ಆದರೂ ವೇಳಾಪಟ್ಟಿಗಳಲ್ಲಿ ರವೆನ್ನಾದ ಪಕ್ಕಕ್ಕೆ ವೆನಿಸ್ ಎಂಬ ಹೆಸರು ಅಂಟಿಕೊಂಡೇ ಇತ್ತು. ನಿಷೇಧವನ್ನು ನಾನು ಒಪ್ಪುತ್ತೇನೆ, ಈ ಹೆಸರಿನ ವ್ಯಾಪಾರವನ್ನು ಒಪ್ಪಲಾರೆ.

ಬಿರುಗಾಳಿ ಎದ್ದಾಗ ಬಂದರನ್ನು ಬಿಟ್ಟು ಮುಂದೆ ಹೋಗುವುದು ಕಪ್ತಾನನ ಧರ್ಮ. 2024ರ ಆರಂಭದಲ್ಲಿ ಕೆಂಪು ಸಮುದ್ರದಲ್ಲಿನ ಯೆಮೆನ್ ದೇಶದ ಹೌತಿ ಬಂಡುಕೋರರ ದಾಳಿಗೆ ಅಂಜಿ ಪ್ರವಾಸಿ ಹಡಗುಗಳು ಆಫ್ರಿಕಾವನ್ನು ಸುತ್ತಿಕೊಂಡು ಹೋದದ್ದರಲ್ಲಿಯೂ ತಪ್ಪಿಲ್ಲ. ಆದರೆ ಇಂಧನದ ಉಳಿತಾಯಕ್ಕೋ, ಕಂಪನಿಯದೇ ಖಾಸಗಿ ದ್ವೀಪದಲ್ಲಿ ಪ್ರಯಾಣಿಕರನ್ನು ಇಳಿಸುವುದಕ್ಕೋ, ಕಚೇರಿಯಲ್ಲಿ ಕುಳಿತು ತಿಂಗಳುಗಳ ಮೊದಲೇ ಮಾಡುವ ಬದಲಾವಣೆಯನ್ನು ಇದೇ ಸಾಲಿಗೆ ಸೇರಿಸುವಂತಿಲ್ಲ. ಕರಾರಿನಲ್ಲಿ ಮಾತ್ರ ಎರಡಕ್ಕೂ ಒಂದೇ ಷರತ್ತು. ತಪ್ಪಿಹೋದ ಬಂದರಿನ ಲೆಕ್ಕದಲ್ಲಿ ಪ್ರಯಾಣಿಕನಿಗೆ ಸಾಮಾನ್ಯವಾಗಿ ಮರಳುವುದು ಬಂದರು ಶುಲ್ಕ ಮತ್ತು ತೆರಿಗೆಯ ಸಣ್ಣ ಮೊತ್ತ.

ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಅಡಿಯಲ್ಲಿ, ಹೊರಡುವ ಮುನ್ನವೇ ಪ್ರವಾಸದ ಮುಖ್ಯ ಅಂಶಗಳು ಗಣನೀಯವಾಗಿ ಬದಲಾದರೆ ದಂಡವಿಲ್ಲದೆ ರದ್ದುಮಾಡಿ ಹಣ ಹಿಂಪಡೆಯಬಹುದು. ಅಮೆರಿಕದಲ್ಲಿ ಕಂಪನಿಗಳ ಕೈ ಹೆಚ್ಚು ಬಲವಾಗಿದೆ: ದಾವೆಯನ್ನು ಫ್ಲೋರಿಡಾದಲ್ಲೇ ಹೂಡಬೇಕೆಂದು ಟಿಕೆಟ್ಟಿನಲ್ಲಿ ಅಚ್ಚಾಗಿದ್ದ ಷರತ್ತನ್ನು ಅಲ್ಲಿನ ಸುಪ್ರೀಂ ಕೋರ್ಟು 1991ರಲ್ಲಿ ಎತ್ತಿಹಿಡಿದಿದೆ. ಆದ್ದರಿಂದ ಬೆಂಗಳೂರಿನಲ್ಲಿ ಕುಳಿತು ಇಂಥ ಯಾನವನ್ನು ಕಾದಿರಿಸುವವರು, ಬಂದರು ಬದಲಾದರೆ ಎಷ್ಟು ಹಣ ಮರಳುತ್ತದೆ, ದಾವೆ ಯಾವ ಊರಿನಲ್ಲಿ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಏಜೆಂಟರಿಂದ ಬರಹದಲ್ಲಿ ಪಡೆಯಬೇಕು; ವಿಮಾನದ ಟಿಕೆಟ್ಟನ್ನು ಬೇರೆಯಾಗಿ ಕೊಂಡಿದ್ದರೆ ಅದರ ನಷ್ಟಕ್ಕೆ ಯಾರು ಹೊಣೆ ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಬೇಕು.

ನಮಸ್ಕಾರ.